ಲಕ್ಷ್ಯ ಮೊದಲು, ಲಕ್ಷಣ ಆಮೇಲೆ

ಷಟ್ಪದಿಯನ್ನು ಓದಿ ಕೇಳಿಸುವ ಮೊದಲೇ ಮಾತ್ರಾಗಣಗಳನ್ನು ವಿಭಾಗಿಸಹೊರಟ ನನ್ನ ಆರಂಭದ ತರಗತಿಗಳಲ್ಲಿ ಬಾಲಕರು ಆಕಳಿಸುತ್ತಿದ್ದರು. ಲಕ್ಷ್ಯವನ್ನು ಕಾಣದವನಿಗೆ ಲಕ್ಷಣವು ಬರಿಯ ಭಾರವೆಂಬುದನ್ನು ತಡವಾಗಿ ಅರಿತೆನು. ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸಿ, ದಾಳವುರುಳಿಸುತ್ತ ಕಥೆ ಬೆಳೆಸುವ ಆಟಗಳಿಗೂ ಈ ಮಾತು ಸಲ್ಲುತ್ತದೆ.

ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಇವರು ರಚಿಸಿ 1974ರಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದಲ್ಲಿ ವೀರರು ಕಾದಾಡುತ್ತ ಬಲಿಯುವರು. 1981ರಲ್ಲಿ ಬಂದ ಸ್ಯಾಂಡಿ ಪೀಟರ್ಸನ್ನರ ‘ಕಾಲ್ ಆಫ್ ಕಥುಲು’ ಇದಕ್ಕೆ ವಿಪರೀತ. ಅಲ್ಲಿ ಪಾತ್ರಗಳು ಸಾಮಾನ್ಯ ಶೋಧಕರು. ಘೋರವನ್ನು ಕಂಡಷ್ಟೂ ಅವರ ಚಿತ್ತಸ್ವಾಸ್ಥ್ಯ ಕುಂದುತ್ತದೆ. 20 ಮುಖಗಳ ದಾಳದಲ್ಲಿ ದೊಡ್ಡ ಸಂಖ್ಯೆಯನ್ನು ಹಾರೈಸಿದವರು ಇಲ್ಲಿ ನೂರರೊಳಗೆ ಸಣ್ಣದನ್ನು ಹಾರೈಸಬೇಕು.

ಹಳೆಯ ಬಳಗಕ್ಕೆ ಇದನ್ನು ಪರಿಚಯಿಸುವವನು ಮೊದಲ ಸಂಜೆಯೇ ನಿಯಮಗ್ರಂಥವನ್ನು ಪಾರಾಯಣ ಮಾಡಿದರೆ, ಎರಡನೆಯ ಸಂಜೆ ಕುರ್ಚಿಗಳು ಬರಿದಾಗುವುವು. ಸಿದ್ಧಪಾತ್ರಗಳನ್ನು ಕೈಗಿತ್ತು, ಆ ಗ್ರಂಥದ ಮೊದಲ ಆವೃತ್ತಿಯಲ್ಲಿದ್ದ ದೆವ್ವದ ಮನೆಯ ಕಿರುಕಥೆಯನ್ನು ಆಡಿಸಲಿ. ನಿಯಮವನ್ನು ಬೇಕಾದಾಗ ಬೇಕಾದಷ್ಟೇ ಹೇಳಲಿ. ಒಂದನ್ನು ಮಾತ್ರ ಮುನ್ನವೇ ತಿಳಿಸಬೇಕು: ಇಲ್ಲಿ ಓಡಿಹೋಗುವುದು ಸೋಲಲ್ಲ. ಅದನ್ನು ಹೇಳದಿದ್ದರೆ ಖಡ್ಗದ ಅಭ್ಯಾಸವುಳ್ಳವರು ಮೊದಲ ಕೋಣೆಯಲ್ಲಿಯೇ ಮಡಿದು, ಆಟವನ್ನೇ ಹಳಿದಾರು.

ರುಚಿ ಹತ್ತಿದವನು ಗ್ರಂಥವನ್ನು ತಾನಾಗಿ ತೆರೆಯುತ್ತಾನೆ. ಪಾಠಕ್ಕೂ ಆಟಕ್ಕೂ ಇದೊಂದೇ ದಾರಿ.