ವಿಸಲ್ ಊದುವ ಮುಂಚೆ ಹೊಡೆದ ಗೋಲು

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಕಾಲೇಜಿನ ಅಂತರ ವಿಭಾಗ ಫುಟ್‌ಬಾಲ್ ಟೂರ್ನಿ ನಡೆಯಿತು. ಕ್ವಾರ್ಟರ್ ಫೈನಲ್‌ನಲ್ಲಿ ನಾವು ಒಂದು ಟ್ರಿಕ್ ಮಾಡಿದೆವು. ನಮಗೆ ಫ್ರೀಕಿಕ್ ಸಿಕ್ಕಿತ್ತು. ಎದುರು ತಂಡದ ನಾಲ್ವರು ಸಾಲಾಗಿ ನಿಂತು ವಾಲ್ ಕಟ್ಟಿದರು. ಆ ಗೋಡೆಯ ತುದಿಗೆ ನಮ್ಮವರಿಬ್ಬರು ಹೋಗಿ, ಅವರ ಭುಜಕ್ಕೆ ಭುಜ ತಾಗಿಸಿ ನಿಂತರು. ಬಾಲ್ ಒದೆಯುವ ಕ್ಷಣಕ್ಕೆ ಸರಿಯಾಗಿ ಇಬ್ಬರೂ ಪಕ್ಕಕ್ಕೆ ಸರಿದರು. ಅವರು ನಿಂತಿದ್ದ ಜಾಗ ಬಾಗಿಲು ತೆಗೆದ ಹಾಗಾಯಿತು. ಪಾಪ, ಗೋಲ್‌ಕೀಪರ್‌ಗೆ ಬಾಲ್ ಕಂಡಿದ್ದು ಬಲೆಯೊಳಗೆ ಬಿದ್ದ ಮೇಲೆ. ಲ್ಯಾಬ್ ರೆಕಾರ್ಡ್ ಬರೆಯುವುದು ಬಿಟ್ಟು ಮೂರು ಸಂಜೆ ಇದನ್ನೇ ಪ್ರಾಕ್ಟೀಸ್ ಮಾಡಿದ್ದೆವು.

ಮರುದಿನ ಬೆಳಿಗ್ಗೆ ವಾಟ್ಸ್‌ಆ್ಯಪ್ ಗ್ರೂಪಿಗೆ ಸಂಘಟಕರಿಂದ ಎರಡು ಸಾಲಿನ ಮೆಸೇಜ್ ಬಂತು. ಇವತ್ತಿನಿಂದ ವಾಲ್ ಹತ್ತಿರ ಎದುರು ತಂಡದವರು ನಿಲ್ಲುವಂತಿಲ್ಲ. ರೆಫರಿ ವಿಸಲ್ ಊದದೆ ಯಾವ ಫ್ರೀಕಿಕ್ಕನ್ನೂ ಹೊಡೆಯುವಂತಿಲ್ಲ. ಸೋತ ತಂಡದಲ್ಲಿದ್ದವರು ಸೀನಿಯರ್‌ಗಳು, ಮೆಸೇಜ್ ಹಾಕಿದವರೂ ಸೀನಿಯರ್‌ಗಳು. ಸೆಮಿಫೈನಲ್‌ನಲ್ಲಿ ನಾವು 2–0ಯಿಂದ ಸೋತೆವು. ಸತ್ಯಮಂಗಲಕ್ಕೆ ವಾಪಸ್ ಬರುವಾಗ ಬಸ್ಸಿನಲ್ಲಿ ನಿಂತುಕೊಂಡೇ ಆ ಮೆಸೇಜ್‌ಗೆ ಉತ್ತರ ಟೈಪ್ ಮಾಡಿದೆ, ಅಳಿಸಿದೆ, ಮತ್ತೆ ಟೈಪ್ ಮಾಡಿದೆ. ಮನೆ ಬಂದರೂ ಕಳಿಸಲು ಆಗಲಿಲ್ಲ. ಅವತ್ತು ಕಳಿಸದೆ ಉಳಿದದ್ದನ್ನು ಈಗ ಸ್ವಲ್ಪ ತಣ್ಣಗಾಗಿ ಬರೆಯುತ್ತಿದ್ದೇನೆ.

ನನ್ನ ಕ್ಲಾಸ್‌ಮೇಟ್ ಒಬ್ಬ ಕಣ್ಣೂರಿನವನು. ಎರಡು ವರ್ಷದಲ್ಲಿ ಕನ್ನಡ ಚೆನ್ನಾಗಿ ಕಲಿತಿದ್ದಾನೆ, ಬೈಗುಳ ಇನ್ನೂ ಚೆನ್ನಾಗಿ. ಅವನಿಗೆ ಕೇರಳ ಬ್ಲಾಸ್ಟರ್ಸ್ ಅಂದರೆ ಪ್ರಾಣ. ನಾನು ಬೆಂಗಳೂರು ಎಫ್‌ಸಿ ಅಭಿಮಾನಿ. ನನ್ನ ಗೋಳು ಕೇಳಿ ಸಮಾಧಾನ ಮಾಡುತ್ತಾನೆ ಅಂದುಕೊಂಡರೆ ಹೊಟ್ಟೆ ಹಿಡಿದುಕೊಂಡು ನಕ್ಕ. ‘ನಿಮ್ ಸೀನಿಯರ್‌ಗಳಿಗೆ ಬುದ್ಧಿ ಇದೆ ಮಗಾ. ವಿಸಲ್ ಊದ್ದೆ ಹೊಡೆಯಂಗಿಲ್ಲ ಅನ್ನೋ ರೂಲು 2023ರಲ್ಲೇ ಇದ್ದಿದ್ರೆ ನಮ್ ಟೀಮ್ ಮೈದಾನ ಬಿಟ್ಟು ಹೋಗ್ತಾನೇ ಇರ್ಲಿಲ್ಲ’ ಅಂದ.

ಅವನು ಹೇಳುತ್ತಿದ್ದ ಪಂದ್ಯವನ್ನು ಫುಟ್‌ಬಾಲ್ ನೋಡುವವರು ಯಾರೂ ಮರೆತಿರುವುದಿಲ್ಲ. ನೋಡದವರಿಗಾಗಿ ಹೇಳುತ್ತೇನೆ. 2023ರ ಮಾರ್ಚ್ 3ರ ಶುಕ್ರವಾರ, ಬೆಂಗಳೂರಿನ ಕಂಠೀರವ ಕ್ರೀಡಾಂಗಣ, ಐಎಸ್‌ಎಲ್ ನಾಕೌಟ್ ಪಂದ್ಯ. ಗೆದ್ದವರು ಸೆಮಿಫೈನಲ್‌ಗೆ, ಸೋತವರು ಮನೆಗೆ. ಇನ್ನು ಆರು ದಿನಕ್ಕೆ ನನ್ನ ಸೆಕೆಂಡ್ ಪಿಯು ಪರೀಕ್ಷೆ. ತೊಡೆಯ ಮೇಲೆ ಫಿಸಿಕ್ಸ್ ಪುಸ್ತಕ, ಪುಸ್ತಕದೊಳಗೆ ಫೋನು. 90 ನಿಮಿಷ ಮುಗಿದರೂ ಗೋಲಿಲ್ಲ. ಹೆಚ್ಚುವರಿ ಅವಧಿಯ 96ನೇ ನಿಮಿಷದಲ್ಲಿ ಬೆಂಗಳೂರಿಗೆ ಫ್ರೀಕಿಕ್ ಸಿಕ್ಕಿತು. ಬ್ಲಾಸ್ಟರ್ಸ್ ಗೋಲ್‌ಕೀಪರ್ ಮುಂದೆ ಬಂದು ವಾಲ್ ಸರಿಮಾಡಿಸುತ್ತಿದ್ದಾಗಲೇ ಸುನಿಲ್ ಚೆಟ್ರಿ ಬಾಲನ್ನು ಮೆಲ್ಲಗೆ ಎತ್ತಿ ಗೋಲಿಗೆ ಹಾಕಿದರು. ರೆಫರಿ ಗೋಲ್ ಕೊಟ್ಟರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನು ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು. ತಂಡ ವಾಪಸ್ ಬರಲೇ ಇಲ್ಲ. ಆ ತಿಂಗಳ ಕೊನೆಗೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು. ಕೋಚ್‌ಗೆ 10 ಪಂದ್ಯಗಳ ನಿಷೇಧ, 5 ಲಕ್ಷ ರೂಪಾಯಿ ದಂಡ.

ಅಂದಿನಿಂದ ಅಭಿಮಾನಿಗಳ ಜಗಳ ನಿಂತಿಲ್ಲ. ನಮ್ಮ ಟೀ ಅಂಗಡಿಯಲ್ಲಂತೂ ಇವತ್ತಿಗೂ ಬಿಸಿಯಾಗೇ ಇದೆ. ಕಣ್ಣೂರಿನವನ ವಾದ ಸರಳ. ಮೈದಾನ ಬಿಟ್ಟು ಹೋಗಿದ್ದು ತಪ್ಪು, ಒಪ್ಪಿಕೊಳ್ಳುತ್ತಾನೆ. ಆದರೆ ಕೀಪರ್ ಸಿದ್ಧನಿಲ್ಲದಾಗ ಹೊಡೆದದ್ದು ಮೋಸ. ಆದ್ದರಿಂದ ಗೋಲಿನ ಹತ್ತಿರದ ಪ್ರತಿ ಫ್ರೀಕಿಕ್‌ಗೂ ವಿಸಲ್ ಕಡ್ಡಾಯ ಮಾಡಬೇಕು ಅನ್ನುತ್ತಾನೆ.

ನನ್ನ ವಿರೋಧ ಇರುವುದು ಇಲ್ಲೇ. ಬೆಂಗಳೂರಿನ ಅಭಿಮಾನಿ ಅನ್ನುವ ಕಾರಣಕ್ಕಲ್ಲ. (ಸ್ವಲ್ಪ ಅದೂ ಇದೆ.) ಫ್ರೀಕಿಕ್ ಯಾಕೆ ಸಿಗುತ್ತದೆ? ಎದುರಿನವನು ಫೌಲ್ ಮಾಡಿದ್ದಕ್ಕೆ. ಫೌಲ್ ಮಾಡಿದವನಿಗೆ ವಾಲ್ ಕಟ್ಟಿಕೊಳ್ಳುವ ಹಕ್ಕೇನೂ ಇಲ್ಲ. ನಿಯಮ ಹೇಳುವುದು 9.15 ಮೀಟರ್ ದೂರ ಹೋಗು ಎಂದಷ್ಟೇ. ಬೇಗ ಹೊಡೆಯಬೇಕು ಅನ್ನಿಸಿದರೆ ಹೊಡೆಯಬಹುದು. ಅದನ್ನು ಬೇಕೆಂದೇ ತಡೆದವನಿಗೆ ಹಳದಿ ಕಾರ್ಡ್. ಹೊಡೆಯುವವನು ‘ದೂರ ಅಳೆದು ಕೊಡಿ’ ಎಂದು ಕೇಳಿದರೆ, ಅಥವಾ ರೆಫರಿಯೇ ಕಾಯಲು ಹೇಳಿದರೆ ಮಾತ್ರ ವಿಸಲ್‌ಗೆ ಕಾಯಬೇಕು. ತನಗೆ ವಿಸಲ್ಲೂ ಬೇಡ, ವಾಲೂ ಬೇಡ ಎಂದು ರೆಫರಿಗೆ ಮೊದಲೇ ಹೇಳಿದ್ದಾಗಿ ಚೆಟ್ರಿ ಪಂದ್ಯದ ನಂತರ ಹೇಳಿದರು. ಇದೇನೂ ಅವರು ಕಂಡುಹಿಡಿದ ಟ್ರಿಕ್ಕೂ ಅಲ್ಲ. 2004ರ ಡಿಸೆಂಬರ್‌ನಲ್ಲಿ ಆರ್ಸೆನಲ್‌ನ ತಿಯರಿ ಹೆನ್ರಿ, ಚೆಲ್ಸಿ ವಿರುದ್ಧ ಹೀಗೇ ಹೊಡೆದಿದ್ದರು. ಆಗಲೂ ಹೀಗೇ ಕೂಗಾಟ ಆಗಿತ್ತು. ನಿಯಮ ಮಾತ್ರ ಉಳಿಯಿತು. ಪ್ರತಿ ಫ್ರೀಕಿಕ್‌ಗೂ ವಿಸಲ್ ಕಡ್ಡಾಯ ಮಾಡಿದರೆ ಲಾಭ ಆಗುವುದು ಫೌಲ್ ಮಾಡಿದವನಿಗೆ. ಕಾಲೆಳೆದು ಬೀಳಿಸಿ, ಆಮೇಲೆ ನಿಧಾನಕ್ಕೆ ಗೋಡೆ ಕಟ್ಟಿಕೊಳ್ಳೋ ಅಂತ ಅವನಿಗೆ ಟೈಮನ್ನೂ ಕೊಟ್ಟ ಹಾಗೆ.

ಇಷ್ಟೆಲ್ಲ ವಾದ ಮಾಡಲು ನಾನು ಫುಟ್‌ಬಾಲ್‌ನ ನಿಯಮ ಪುಸ್ತಕ ಡೌನ್‌ಲೋಡ್ ಮಾಡಿಕೊಂಡೆ. ಒಟ್ಟು 17 ನಿಯಮಗಳು. ಫ್ರೀಕಿಕ್ ಇರುವುದು 13ನೆಯದರಲ್ಲಿ. ಓದುತ್ತಾ ಓದುತ್ತಾ ಬೆವರು ಬಂತು. ಮೂರು ಅಥವಾ ಹೆಚ್ಚು ಜನ ವಾಲ್ ಕಟ್ಟಿದ್ದರೆ, ಬಾಲ್ ಒದೆಯುವವರೆಗೆ ಒದೆಯುವ ತಂಡದವರೆಲ್ಲ ಅದರಿಂದ ಕನಿಷ್ಠ 1 ಮೀಟರ್ ದೂರ ಇರಬೇಕು. ತಪ್ಪಿದರೆ ಫ್ರೀಕಿಕ್ ಎದುರು ತಂಡದ ಪಾಲು. ಈ ನಿಯಮ ಜಾರಿಗೆ ಬಂದದ್ದು 2019ರಲ್ಲಿ! ಅಂದರೆ ಮೂರು ಸಂಜೆ ಬೆವರು ಸುರಿಸಿ ನಾವು ಕಲಿತ ಟ್ರಿಕ್ ಆರಂಭದಿಂದಲೇ ನಿಷೇಧಿತ. ನಮ್ಮ ಗೋಲ್ ಗೋಲೇ ಅಲ್ಲ. ಅದು ನಮಗೂ ಗೊತ್ತಿರಲಿಲ್ಲ, ಸೋತ ಸೀನಿಯರ್‌ಗಳಿಗೂ ಗೊತ್ತಿರಲಿಲ್ಲ, ಗೋಲ್ ಕೊಟ್ಟ ರೆಫರಿ ಅಣ್ಣನಿಗೂ ಗೊತ್ತಿರಲಿಲ್ಲ. ಸಂಘಟಕರು ರಾತ್ರೋರಾತ್ರಿ ಮಾಡಿದ ಎರಡು ‘ಹೊಸ’ ನಿಯಮಗಳಲ್ಲಿ ಒಂದು ಹಳೆಯದು, ಸರಿಯಾದದ್ದು. ಇನ್ನೊಂದು ಅವರದೇ ಸೃಷ್ಟಿ.

ಆ 2019ರ ನಿಯಮ ನ್ಯಾಯವೇ? ಬಹುಮಟ್ಟಿಗೆ ಹೌದು, ಅನ್ನಿಸುತ್ತದೆ. ವಾಲ್ ಹತ್ತಿರ ಎರಡೂ ತಂಡದವರು ಸೇರಿದರೆ ತಳ್ಳಾಟ, ನೂಕಾಟ, ಸಮಯ ಹಾಳು. ಆದರೂ ಒಂದು ಮಾತು ಚುಚ್ಚುತ್ತದೆ. 2018ರ ಅಕ್ಟೋಬರ್‌ನಲ್ಲಿ ಬಾರ್ಸಿಲೋನಾ ವಿರುದ್ಧ ಇಂಟರ್ ಮಿಲಾನ್‌ನ ಬ್ರೊಝೊವಿಚ್ ಎದ್ದು ನಿಂತ ವಾಲ್‌ನ ಹಿಂದೆ ಅಡ್ಡಡ್ಡ ಮಲಗಿ ಸುವಾರೆಜ್‌ನ ಫ್ರೀಕಿಕ್ ತಡೆದ. ಈಗ ಎಲ್ಲರೂ ಮಲಗುತ್ತಾರೆ, ಯಾರೂ ಅದನ್ನು ನಿಷೇಧಿಸಿಲ್ಲ. ತಡೆಯುವವನ ಉಪಾಯ ಜಾಣತನ, ಹೊಡೆಯುವವನ ಉಪಾಯ ಕುತಂತ್ರ ಅನ್ನುವ ಲೆಕ್ಕ ನನಗೆ ಅರ್ಥವಾಗುವುದಿಲ್ಲ.

ಹಾಗಂತ ಟ್ರಿಕ್ ನಿಲ್ಲಿಸಲು ನಿಯಮ ಬದಲಿಸುವುದೇ ತಪ್ಪು ಅಂತಲ್ಲ. ಒಂದು ಕಾಲದಲ್ಲಿ ಆಫ್‌ಸೈಡ್ ಆಗದಿರಬೇಕಾದರೆ ಆಟಗಾರನಿಗೂ ಗೋಲ್ ಗೆರೆಗೂ ನಡುವೆ ಎದುರಾಳಿಯ ಮೂವರು ಇರಬೇಕಿತ್ತು. ಇಂಗ್ಲೆಂಡಿನ ನ್ಯೂಕ್ಯಾಸಲ್ ತಂಡದ ಬಿಲ್ ಮೆಕ್‌ಕ್ರಾಕನ್ ಎಂಬ ಡಿಫೆಂಡರ್ ಇದನ್ನೇ ಬಲೆ ಮಾಡಿಕೊಂಡಿದ್ದ. ಸರಿಯಾದ ಕ್ಷಣದಲ್ಲಿ ನಾಲ್ಕು ಹೆಜ್ಜೆ ಮುಂದೆ ಬಂದರೆ ಸಾಕು, ಎದುರಿನವರೆಲ್ಲ ಆಫ್‌ಸೈಡ್. ಉಳಿದ ತಂಡಗಳೂ ಕಲಿತವು, ಗೋಲ್‌ಗಳು ಬತ್ತಿದವು. 1925ರಲ್ಲಿ ಮೂವರ ಬದಲು ಇಬ್ಬರು ಸಾಕು ಎಂದು ತಿದ್ದಿದರು. ಇಂಗ್ಲೆಂಡಿನ ಫಸ್ಟ್ ಡಿವಿಷನ್‌ನಲ್ಲಿ ಹಿಂದಿನ ಸೀಸನ್‌ನ ಗೋಲ್‌ಗಳು 1,192. ತಿದ್ದುಪಡಿಯ ನಂತರದ ಸೀಸನ್‌ನಲ್ಲಿ 1,703. ಇಲ್ಲಿ ಯಾರೋ ಒಬ್ಬರು ಸೋತು ಅತ್ತರು ಅಂತ ನಿಯಮ ಬದಲಾಗಲಿಲ್ಲ. ಆಟವೇ ಉಸಿರುಗಟ್ಟಿತ್ತು. ಬದಲಾದದ್ದು ಸೀಸನ್ ಮುಗಿದ ಮೇಲೆ, ಎಲ್ಲರಿಗೂ ಒಟ್ಟಿಗೆ.

ಹೆಲ್ಮೆಟ್ ಹಾಕಿಕೊಂಡು ಕೈಯಲ್ಲೇ ಆಡುವ ಅಮೆರಿಕದ ಫುಟ್‌ಬಾಲ್‌ನಲ್ಲೂ ಇಂಥದ್ದೇ ಆಯಿತು. ಆ ಆಟದಲ್ಲಿ ಹನ್ನೊಂದರಲ್ಲಿ ಕೆಲವರು ಮಾತ್ರ ಮುಂದಕ್ಕೆ ಎಸೆದ ಬಾಲ್ ಹಿಡಿಯಬಹುದು. 2015ರ ಜನವರಿಯಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ, ಹಿಡಿಯಬಾರದ ಒಬ್ಬನನ್ನು ಹಿಡಿಯುವವನ ಜಾಗದಲ್ಲಿ ನಿಲ್ಲಿಸಿ ಬಾಲ್ಟಿಮೋರ್ ತಂಡವನ್ನು ಗೊಂದಲಕ್ಕೆ ಕೆಡವಿತು. ರೆಫರಿ ಘೋಷಿಸಿದರೂ ಎದುರಿನವರಿಗೆ ಅರ್ಥ ಮಾಡಿಕೊಳ್ಳಲು ಇದ್ದದ್ದು ಕೆಲವೇ ಸೆಕೆಂಡು. ಪೇಟ್ರಿಯಟ್ಸ್ 35–31ರಿಂದ ಗೆದ್ದಿತು. ಅಂಥವನು ಎಲ್ಲಿ ನಿಲ್ಲಬೇಕು ಎಂದು ಮಾರ್ಚ್‌ನಲ್ಲಿ ನಿಯಮ ಮಾಡಿದರು. ಗೆಲುವು ಗೆಲುವಾಗಿಯೇ ಉಳಿಯಿತು.

ನನಗೆ ಕಾಣುವ ವ್ಯತ್ಯಾಸ ಇಷ್ಟು. ಎಚ್ಚರವಾಗಿದ್ದರೆ ತಡೆಯಬಹುದಾಗಿದ್ದ ಟ್ರಿಕ್ ಆಟದ ಭಾಗ. ಎಷ್ಟೇ ಎಚ್ಚರವಾಗಿದ್ದರೂ ತಡೆಯಲಾಗದ್ದು ಆಟದ ಹೊರಗಿನದು. ಪೆನಾಲ್ಟಿ ನೋಡಿ. ಓಡಿ ಬರುವಾಗ ನಿಧಾನಿಸಿ ಕೀಪರ್‌ನನ್ನು ಏಮಾರಿಸಬಹುದು. ಓಟ ಮುಗಿಸಿ ಒದೆಯುವ ನಟನೆ ಮಾಡಿ, ಕೀಪರ್ ಒಂದು ಕಡೆ ಬಿದ್ದ ಮೇಲೆ ಇನ್ನೊಂದು ಕಡೆ ಹೊಡೆದರೆ ಹಳದಿ ಕಾರ್ಡ್. ಬಿದ್ದವನು ಮತ್ತೆ ಏಳಲಾರ ತಾನೆ? ಚೆಟ್ರಿ ಗೋಲು ಈ ಗೆರೆಯ ಯಾವ ಕಡೆ? ಬಾಲ್ ಹತ್ತಿರ ಒಬ್ಬ ನಿಂತಿದ್ದರೆ, ಕೀಪರ್ ಗೆರೆಯ ಮೇಲೆ ಉಳಿದಿದ್ದರೆ ಆ ಗೋಲು ಆಗುತ್ತಿರಲಿಲ್ಲ.

ಆದರೆ ಕಣ್ಣೂರಿನವನ ಒಂದು ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ‘ಚೆಟ್ರಿ ಕೇಳಿದ್ದು, ರೆಫರಿ ಒಪ್ಪಿದ್ದು ಅವರಿಬ್ಬರ ಮಧ್ಯೆ ಮಗಾ. ದೂರದಲ್ಲಿ ನಿಂತಿದ್ದ ಕೀಪರ್‌ಗೆ ಹೆಂಗೆ ಗೊತ್ತಾಗ್ಬೇಕು? ಅದು ಎಚ್ಚರದ ಪ್ರಶ್ನೆನಾ?’ ಇಲ್ಲಿ ಅವನ ಮಾತಲ್ಲಿ ಹುರುಳಿದೆ. ಐಎಸ್‌ಎಲ್‌ನಲ್ಲಿ ವಿಡಿಯೊ ರೆಫರಿಯೂ ಇರಲಿಲ್ಲ. ವಿಸಲ್‌ಗೆ ಕಾಯಬೇಕು ಅನ್ನುವಾಗ ರೆಫರಿ ವಿಸಲ್ ಎತ್ತಿ ತೋರಿಸುತ್ತಾರೆ. ಹಾಗೆಯೇ ‘ಕಾಯಬೇಕಿಲ್ಲ’ ಅನ್ನುವುದಕ್ಕೂ ಎಲ್ಲರಿಗೂ ಕಾಣುವ ಒಂದು ಕೈಸನ್ನೆ ಇದ್ದರೆ ಏನು ಕಷ್ಟ? ಅಷ್ಟು ಬದಲಾವಣೆಗೆ ನನ್ನ ಒಪ್ಪಿಗೆ ಇದೆ. ವೇಗ ಉಳಿಯಲಿ, ಗುಟ್ಟು ಹೋಗಲಿ.

ಇನ್ನು ಟೂರ್ನಿಯ ಮಧ್ಯೆ ನಿಯಮ ಬದಲಿಸಿದ ವಿಚಾರ. ನಮ್ಮ ಗೋಲು ತಪ್ಪಾಗಿತ್ತು ಎಂದು ಗೊತ್ತಾದ ಮೇಲೂ ಇದರಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಸತ್ಯಮಂಗಲದ ಖಾಲಿ ಸೈಟುಗಳಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದವನು ನಾನು. ಪಕ್ಕದ ಮನೆಯ ಕಾಂಪೌಂಡ್ ಒಳಗೆ ಬಿದ್ದರೆ ಔಟ್. ಈ ನಿಯಮ ಬಂದದ್ದೇ ನಮ್ಮಲ್ಲಿ ಒಬ್ಬ ಬಾಲನ್ನೆಲ್ಲ ಅಲ್ಲಿಗೇ ಬಾರಿಸುತ್ತಿದ್ದ ಅಂತ. ಆದರೆ ಅವನು ಬ್ಯಾಟ್ ಮಾಡುತ್ತಿರುವಾಗ ಯಾರೂ ಅದನ್ನು ಹೇಳಲಿಲ್ಲ. ಮರುದಿನ ಸ್ಟಂಪ್ ನೆಡುವ ಮುಂಚೆ ಹೇಳಿದೆವು. ಐದನೇ ಕ್ಲಾಸಿನ ಹುಡುಗರಿಗೆ ಇದ್ದ ಈ ಮರ್ಯಾದೆ ಬಿಇ ಓದುವವರಿಗೆ ಇರಬಾರದೆ?

ಕೆಲಸ ಹುಡುಕುತ್ತಿರುವವರನ್ನು ಕೇಳಿ, ಇದರ ಬಿಸಿ ಅವರಿಗೆ ಗೊತ್ತು. ರಾಜಸ್ಥಾನ ಹೈಕೋರ್ಟಿನ ಭಾಷಾಂತರಕಾರರ ಹುದ್ದೆಗಳಿಗೆ ಪರೀಕ್ಷೆ ನಡೆದ ಮೇಲೆ ಕನಿಷ್ಠ 75 ಶೇಕಡಾ ಅಂಕ ಬೇಕು ಎಂದು ಹೊಸ ಷರತ್ತು ಹಾಕಿದ್ದರು. ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 7ರಂದು ತೀರ್ಪು ಕೊಟ್ಟಿತು. ನಿಯಮಗಳಲ್ಲೇ ಅವಕಾಶ ಇಲ್ಲದ ಹೊರತು, ನೇಮಕಾತಿ ಶುರುವಾದ ಮೇಲೆ ಅರ್ಹತೆಯ ಮಾನದಂಡ ಬದಲಿಸುವಂತಿಲ್ಲ. ವಕೀಲರ ಭಾಷೆಯಲ್ಲೂ ಇದಕ್ಕೆ ‘ಆಟದ ನಿಯಮ’ ಅಂತಲೇ ಹೆಸರಂತೆ.

ಮುಂದಿನ ಟೂರ್ನಿಗೆ ನಿಯಮಗಳ ಒಂದು ಪುಟ ಬರೆದುಕೊಡಿ ಎಂದು ಸಂಘಟಕರು ನಮ್ಮಿಬ್ಬರನ್ನೇ ಕೇಳಿದ್ದಾರೆ. ಬಹುಶಃ ನಮ್ಮ ಬಾಯಿ ಮುಚ್ಚಿಸಲು. ವಾಲ್‌ನಿಂದ 1 ಮೀಟರ್ ದೂರ ಅನ್ನುವುದನ್ನು ಮೊದಲ ಸಾಲಿನಲ್ಲೇ ನಾನು ಬರೆದೆ. ಮೊದಲ ಪಂದ್ಯದ ನಂತರ ಯಾವ ನಿಯಮವೂ ಬದಲಾಗುವುದಿಲ್ಲ ಅನ್ನುವುದನ್ನು ಅವನು ಬರೆದ. ಕೊನೆಯ ಸಾಲಿನಲ್ಲಿ ‘ಪ್ರತಿ ಫ್ರೀಕಿಕ್‌ಗೂ ವಿಸಲ್ ಕಡ್ಡಾಯ’ ಅಂತ ಸೇರಿಸಿದ. ನಾನು ಹೊಡೆದುಹಾಕಿದೆ. ನಿನ್ನೆ ನೋಡಿದರೆ ಮತ್ತೆ ಬರೆದಿದ್ದಾನೆ, ಈ ಸಲ ಕೆಂಪು ಇಂಕಿನಲ್ಲಿ.