ಹೆಸರುಗಳ ಮರೆಯಲ್ಲಿ ವೆಬ್‌ಸ್ಟರ್ ಕೌಂಟಿ

ಅಮೆರಿಕದ ನೆಬ್ರಾಸ್ಕಾ ರಾಜ್ಯದ ದಕ್ಷಿಣದ ಅಂಚಿನಲ್ಲಿರುವ ವೆಬ್‌ಸ್ಟರ್ ಕೌಂಟಿಯನ್ನು ಸಾಹಿತ್ಯಾಭ್ಯಾಸಿಗಳು ಬಲ್ಲುದು ವಿಲ್ಲಾ ಕ್ಯಾಥರ್ ಮೂಲಕ. 1883ರಲ್ಲಿ, ಒಂಬತ್ತರ ವಯಸ್ಸಿನಲ್ಲಿ, ವರ್ಜೀನಿಯಾದಿಂದ ಇಲ್ಲಿಗೆ ಬಂದ ಆಕೆ 1918ರ ‘ಮೈ ಆಂಟೋನಿಯಾ’ ಕಾದಂಬರಿಯಲ್ಲಿ ಬೊಹೀಮಿಯಾದ ವಲಸೆ ಒಕ್ಕಲಿಗರ ಬದುಕನ್ನು ಚಿರಸ್ಥಾಯಿಗೊಳಿಸಿದಳು. ಅದನ್ನು ಓದಿದವರು ಈ ನಾಡನ್ನು ನೇಗಿಲು ತಾಗುವವರೆಗೆ ಚರಿತ್ರೆಯೇ ಇರದ ಬಯಲೆಂದು ಭಾವಿಸುವುದು ವಾಡಿಕೆ. ಈ ಗ್ರಹಿಕೆ ತಪ್ಪು. ತಪ್ಪಿನ ಸುಳಿವು ಇಲ್ಲಿನ ಸ್ಥಳನಾಮಗಳಲ್ಲೇ ಇದೆ.

ಕೌಂಟಿಗೆ ಹೆಸರು ಕೊಟ್ಟವನು ಮ್ಯಾಸಚೂಸೆಟ್ಸ್‌ನ ರಾಜಕಾರಣಿ ಡ್ಯಾನಿಯಲ್ ವೆಬ್‌ಸ್ಟರ್. ಮುಖ್ಯ ಪಟ್ಟಣವಾದ ರೆಡ್ ಕ್ಲೌಡ್‌ಗೆ ಲಕೋಟಾ ನಾಯಕನೊಬ್ಬನ ಹೆಸರು. ಕಾದಂಬರಿಯಲ್ಲಿ ಅದೇ ಪಟ್ಟಣ ‘ಬ್ಲ್ಯಾಕ್ ಹಾಕ್’ ಆಗುತ್ತದೆ. ಅವನು ಮಿಸಿಸಿಪ್ಪಿ ತೀರದ ಸೌಕ್ ಬುಡಕಟ್ಟಿನ ಮುಂದಾಳು. ಈ ಮೂವರಲ್ಲಿ ಯಾರೂ ಇಲ್ಲಿಯವರಲ್ಲ. ಇಲ್ಲಿ ಬಾಳಿದ್ದವರು ಪೌನೀ ಜನ. ಲಕೋಟಾಗಳು ಅವರ ಕಡುವೈರಿಗಳು. 1873ರಲ್ಲಿ ಇದೇ ರಿಪಬ್ಲಿಕನ್ ನದಿಯ ಮೇಲ್ಭಾಗದ ಪ್ರದೇಶದಲ್ಲಿ ಬೇಟೆಗೆ ಹೊರಟಿದ್ದ ಪೌನೀಗಳನ್ನು ಲಕೋಟಾಗಳು ಸಂಹರಿಸಿದರು. ಆ ದಶಕದಲ್ಲೇ ಉಳಿದವರು ಇಂದಿನ ಓಕ್ಲಹೋಮಾಕ್ಕೆ ಸ್ಥಳಾಂತರಗೊಂಡರು. ಪೌನೀಗಳ ನೆಲದಲ್ಲಿ ಅವರ ಶತ್ರುವಿನ ಹೆಸರಿನ ಊರು ಬೆಳೆಯಿತು!

ಪೌನೀಗಳ ಕುರುಹು ಪೂರ್ತಿಯಾಗಿ ಅಳಿದಿಲ್ಲ. ಕೌಂಟಿಯ ಪೂರ್ವಭಾಗದಲ್ಲಿ, ನದಿಯ ದಕ್ಷಿಣಕ್ಕೆ ಪಾಹೂರ್ ಎಂಬ ಗುಡ್ಡವಿದೆ. ದಿವ್ಯಶಕ್ತಿಯುಳ್ಳ ಪ್ರಾಣಿಗಳು ಅಲ್ಲಿ ಸಭೆ ಸೇರುತ್ತವೆಂಬುದು ಪೌನೀಗಳ ನಂಬಿಕೆ. ದಾರಿ ತೋರುವ ಗುಡ್ಡವೆಂಬ ಅದರ ಅರ್ಥವೇ ‘ಗೈಡ್ ರಾಕ್’ ಎಂಬ ಊರಿನ ಹೆಸರಾಗಿ ಉಳಿದಿದೆ. ನದಿಯ ಹೆಸರಿಗೂ ಅಮೆರಿಕದ ರಾಜಕೀಯ ಪಕ್ಷಕ್ಕೂ ಸಂಬಂಧವಿಲ್ಲ: ಪೌನೀಗಳ ಕಿಟ್ಕೆಹಾಹ್ಕಿ ಪಂಗಡವನ್ನು ಬಿಳಿಯರು ‘ರಿಪಬ್ಲಿಕನ್ ಪೌನೀ’ ಎಂದು ಕರೆದದ್ದರಿಂದ ಅದು ಬಂದಿತು.

ಕ್ಯಾಥರ್‌ಳ ಬಗೆಗೂ ನ್ಯಾಯವಾಗಿ ಹೇಳಬೇಕು. ಇಂಡಿಯನ್ನರು ಕುದುರೆ ಓಡಿಸಿದ್ದರೆನ್ನಲಾದ ದೊಡ್ಡ ವೃತ್ತವೊಂದು ಹಿಮ ಬಿದ್ದಾಗ ಹುಲ್ಲಿನಲ್ಲಿ ಎದ್ದು ಕಾಣುವುದನ್ನು ಆಕೆ ಗುರುತಿಸಿದ್ದಾಳೆ. ಆದರೆ ಕಥನ ಅಲ್ಲಿ ನಿಲ್ಲುವುದಿಲ್ಲ. ವಿಮರ್ಶಕರಲ್ಲಿ ಬಹುಮಂದಿಯೂ ನಿಲ್ಲಲಿಲ್ಲ.

ನಿಂತವನು ಪಕ್ಕದ ಹೇಸ್ಟಿಂಗ್ಸ್ ಪಟ್ಟಣದ ಕಾರು ವ್ಯಾಪಾರಿ ಎ. ಟಿ. ಹಿಲ್. 1806ರಲ್ಲಿ ಜೆಬ್ಯುಲನ್ ಪೈಕ್ ಎಂಬ ಸೇನಾಧಿಕಾರಿ ಕಿಟ್ಕೆಹಾಹ್ಕಿ ಗ್ರಾಮವೊಂದಕ್ಕೆ ಬಂದು, ಸ್ಪೇನಿನ ಧ್ವಜವನ್ನಿಳಿಸಿ ಅಮೆರಿಕದ ಧ್ವಜವನ್ನೇರಿಸಬೇಕೆಂದು ಕೇಳಿದ್ದ. ಆ ಗ್ರಾಮ ತನ್ನದೆಂದು ಕ್ಯಾನ್ಸಾಸ್ ರಾಜ್ಯವು 1901ರಲ್ಲೇ ಸ್ಮಾರಕ ನಿಲ್ಲಿಸಿತ್ತು. 1920ರ ದಶಕದಲ್ಲಿ ಹಿಲ್ ಗೈಡ್ ರಾಕ್ ಸಮೀಪದ ಹೊಲವೊಂದನ್ನು ಕೊಂಡು, ಅಗೆದು, ಗ್ರಾಮವಿದ್ದದ್ದು ವೆಬ್‌ಸ್ಟರ್ ಕೌಂಟಿಯಲ್ಲೆಂದು ವಾದಿಸಿದ. ವಿದ್ವಾಂಸರು ಅದನ್ನೊಪ್ಪಿದರು. ಎರಡು ರಾಜ್ಯಗಳ ಆ ಜಗಳದಲ್ಲಿಯೂ ಪ್ರಶ್ನೆಯಾಗಿದ್ದುದು ಧ್ವಜ ಹಾರಿದ ಜಾಗ, ಗ್ರಾಮದಲ್ಲಿದ್ದ ಜನರಲ್ಲ.