ಕೈಕೆಲಸದ ಮೂಲೆ: ತೋಟಕ್ಕೊಂದು ಗಾಜಿನ ಚಿಟ್ಟೆ

ನಮ್ಮ ಶಿಕಾಗೋದಲ್ಲಿ ಹಿಮ ಕರಗಿದರೂ ಹೂವಿಗೆ ಕಾಯಬೇಕು. ಅಲ್ಲಿಯವರೆಗೆ ತೋಟದಲ್ಲಿ ಒಂದಿಷ್ಟು ಬಣ್ಣವಿರಲೆಂದು ನಾವು ಈ ಸಲ ಬಣ್ಣದ ಗಾಜಿನ ಚಿಟ್ಟೆ ಮಾಡಿದೆವು.

ಮೊದಲು ಕಾಗದದ ಮೇಲೆ ಚಿತ್ರ ಬರೆದು ಪ್ರತಿ ತುಂಡಿಗೂ ಅಂಕೆ ಹಾಕಿ. ಕನ್ನಡಕ ಧರಿಸಿ, ಗಾಜಿನ ಮೇಲೆ ಕಟ್ಟರಿನಿಂದ ಒಂದೇ ಸಲ ಗೀರೆಳೆಯಿರಿ. ಅದೇ ಗೀರಿನ ಮೇಲೆ ಮತ್ತೆ ಎಳೆದರೆ ಗಾಜು ಎತ್ತೆತ್ತಲೋ ಒಡೆಯುತ್ತದೆ. ಅಂಚನ್ನು ನೀರು ಹಾಕಿ ಉಜ್ಜಿ, ಒರೆಸಿ, ಅಂಟಿರುವ ತಾಮ್ರದ ಪಟ್ಟಿ ಸುತ್ತಿ. ಫ್ಲಕ್ಸ್ ಸವರಿ ಬೆಸುಗೆ ಹಾಕಿ. ಬೆಸುಗೆ ಹಿಡಿಯುವುದು ತಾಮ್ರಕ್ಕೆ, ಗಾಜಿಗಲ್ಲ. ತೂಗುವ ಕೊಂಡಿಯನ್ನು ಎರಡು ತುಂಡು ಸೇರುವ ಗೆರೆಗೇ ಬೆಸೆಯಿರಿ. ಬರೀ ಅಂಚಿಗೆ ಬೆಸೆದರೆ ಗಾಳಿಗೆ ಪಟ್ಟಿಯೇ ಕಿತ್ತುಬರುತ್ತದೆ. ನಮ್ಮ ಮೊದಲ ಚಿಟ್ಟೆ ಹಾರಿಹೋದದ್ದು ಹೀಗೇ!

ಇನ್ನೊಂದು ಮುಖ್ಯ ಮಾತು. 60/40 ಬೆಸುಗೆಯಲ್ಲಿ ನೂರಕ್ಕೆ 40 ಪಾಲು ಸೀಸ; ಮಕ್ಕಳ ಮಿದುಳಿಗೆ ಅದು ವಿಷ. ಇದನ್ನು ಮರೆತು ನಾವು ಅಡಿಗೆಮನೆಯ ಮೇಜಿನ ಮೇಲೇ ಕೂತಿದ್ದೆವು. ಊರಿಂದ ಬಂದಿದ್ದ ಅಮ್ಮ, "ಚಪಾತಿ ಲಟ್ಟಿಸೋ ಜಾಗ ಅಲ್ವೇನ್ರಪ್ಪಾ ಇದು?" ಎಂದರು. ನಾಚಿಕೊಂಡು ಗರಾಜಿಗೆ ಎದ್ದುಹೋದೆವು.

ಸೀಸವಿಲ್ಲದ ಬೆಸುಗೆಯೂ ಸಿಗುತ್ತದೆ, ಅದನ್ನೇ ಕೊಳ್ಳಿ. ಸೀಸದ್ದಾದರೆ ಬಾಗಿಲು ತೆರೆದಿಡಿ, ಕೈ ತೊಳೆಯದೆ ಏನೂ ತಿನ್ನಬೇಡಿ. ಮಾಡಿದ್ದನ್ನು ತುಳಸಿ ಕುಂಡದ ಮೇಲಾಗಲಿ, ಮೆಂತ್ಯದ ಮಡಿಯ ಮೇಲಾಗಲಿ ತೂಗಬೇಡಿ. ಮಳೆನೀರಿನೊಡನೆ ಸೀಸ ಮಣ್ಣಿಗಿಳಿಯಬಹುದು. ಹಕ್ಕಿಗಳ ನೀರಿನ ತಟ್ಟೆಗಂತೂ ಬೇಡವೇ ಬೇಡ.

ನಮ್ಮ ಎರಡನೆಯ ಚಿಟ್ಟೆ ಈಗ ಬೇಲಿಯ ಮೇಲೆ ಭದ್ರವಾಗಿದೆ, ಬೇಸಿಗೆಯಲ್ಲಿ ತುಳಸಿ ಇಡುವ ಜಾಗದಿಂದ ಹತ್ತು ಹೆಜ್ಜೆ ದೂರದಲ್ಲಿ.